ಮುಖ್ಯೋಪಾಧ್ಯಾಯನ ಪಾಠ

ಉಪಾಧ್ಯಾಯನು ಮುಖ್ಯೋಪಾಧ್ಯಾಯನ ಪದವಿಗೇರಿದೊಡನೆ ಪಾಠವನ್ನು ಬಿಟ್ಟುಬಿಡಬಹುದೆಂಬ ಭಾವನೆಯು ನಮ್ಮಲ್ಲಿ ಬೇರೂರಿದೆ. ಹಾಜರಿಯ ಪುಸ್ತಕ, ಬಿಸಿಯೂಟದ ಅಕ್ಕಿಬೇಳೆಯ ಲೆಕ್ಕ, ಮೇಲಿನವರ ಪತ್ರಗಳು, ಇವಕ್ಕೇ ಹಗಲು ಸಾಲದು. ಆದರೂ ನಾನು ಮೂರನೆಯ ತರಗತಿಯ ಗಣಿತವನ್ನು ಕೈಬಿಡಲಿಲ್ಲ.

ಅದಕ್ಕೆ ಕಾರಣವುಂಟು. 52ರಲ್ಲಿ 27ನ್ನು ಕಳೆಯೆಂದರೆ ಕೆಲವು ಮಕ್ಕಳು 35 ಎಂದು ಬರೆಯುವರು. ಇದು ಅಜಾಗರೂಕತೆಯಲ್ಲ. ಚಿಕ್ಕದರಿಂದ ದೊಡ್ಡದನ್ನು ಕಳೆಯಲಾಗದೆಂದು ನಾವೇ ಹೇಳಿಕೊಟ್ಟಿರುವೆವಷ್ಟೆ. ಮಗುವು ಆ ಮಾತನ್ನು ನಂಬಿ 7ರಿಂದ 2ನ್ನು ಕಳೆಯಿತು. ಕೆಂಪು ಗೀಟನ್ನೆಳೆದು ಮುಂದೆ ಹೋಗುವವನಿಗೆ ಈ ತರ್ಕವು ಗೋಚರಿಸುವುದೆ? ಹುಣಿಸೆಬೀಜಗಳನ್ನು ಹತ್ತುಹತ್ತಾಗಿ ಪೊಟ್ಟಣ ಕಟ್ಟಿಸಿ, ಐದರಲ್ಲಿ ಒಂದನ್ನು ಬಿಚ್ಚಿಸಿದರೆ ಬಿಡಿಬೀಜಗಳು 12 ಆಗುವುದನ್ನು ಮಗುವೇ ಕಾಣುವುದು. ಇಲ್ಲಿ ತಡವರಿಸಿದ ಮಗುವಿಗೆ ಮುಂದೆ ಭಾಗಾಕಾರವೂ ಎಟಕದು. ಐದನೆಯ ತರಗತಿಯ ಹೊತ್ತಿಗೆ ತಾನು ದಡ್ಡನೆಂದು ಅದು ನಿಶ್ಚಯಿಸಿಕೊಂಡಿರುವುದು.

2010ರಲ್ಲಿ ಜಾರಿಗೆ ಬಂದ ಶಿಕ್ಷಣ ಹಕ್ಕಿನ ಕಾಯಿದೆಯು ಬೆತ್ತವನ್ನು ನಿಷೇಧಿಸಿತು, ಯುಕ್ತವೇ ಆಯಿತು. (ಬೆತ್ತಕ್ಕೆ ಕಳೆಯುವ ಲೆಕ್ಕವು ಎಂದೂ ಬರುತ್ತಿರಲಿಲ್ಲ.) ಆದರೆ ಹುಣಿಸೆಬೀಜವನ್ನು ಕಾಯಿದೆಯು ತಂದುಕೊಡಲಾರದು.

ಮುಖ್ಯೋಪಾಧ್ಯಾಯನು ಹಿಂದಿನ ಬೆಂಚಿನಲ್ಲಿ ಕುಳಿತರೆ ತರುಣ ಉಪಾಧ್ಯಾಯರು ಅದನ್ನು ತನಿಖೆಯೆಂದೇ ಬಗೆಯುವರು. ಆದಕಾರಣ ಮೊದಲು ನನ್ನ ಪಾಠವನ್ನು ನೋಡಿರೆಂದು ಅವರನ್ನೇ ಕರೆದೆನು. ಬಹುಕಾಲ ಯಾರೂ ಬರಲಿಲ್ಲ. ಕಡೆಗೆ ಒಬ್ಬಾಕೆ ಬಂದರು. ಮರುವಾರ ಆಕೆಯೇ, "ನನ್ನ ತರಗತಿಯಲ್ಲಿಯೂ ನಾಲ್ವರು 35 ಎಂದೇ ಬರೆಯುತ್ತಾರೆ, ಬರುವಿರಾ?" ಎಂದು ಕೇಳಿದರು. ಅಂದು ಅಕ್ಕಿಬೇಳೆಯ ಲೆಕ್ಕವನ್ನು ಸಂಜೆ ದೀಪದ ಬೆಳಕಿನಲ್ಲಿ ಬರೆದೆನು.