ಮಾಗಡಿಯ ಕೆರೆಯಲ್ಲಿ ಹಂಸದರ್ಶನ

ಮಳೆಗಾಲದಲ್ಲಿ ಹಂಸಗಳು ಮಾನಸಸರೋವರಕ್ಕೆ ತೆರಳುವುವೆಂದು ಮೇಘದೂತದ ಪಾಠದಲ್ಲಿ ನಾವು ವರ್ಷವರ್ಷವೂ ಹೇಳುತ್ತಿದ್ದೆವು. “ನಿಜವಾಗಿಯೂ ಹೋಗುವುವೇ, ಗುರುಗಳೇ?” ಎಂದು ಹುಡುಗನೊಬ್ಬನು ಕೇಳಲು, “ಅದು ಬರಿಯ ಕವಿಸಮಯ” ಎಂದು ಗದರಿಸಿ ಕುಳ್ಳಿರಿಸಿದುದುಂಟು.

ಕಾರ್ತಿಕ ಮಾಸದ ಕೊನೆಯಲ್ಲಿ ಮೊಮ್ಮಕ್ಕಳೊಡನೆ ಗದಗ ಜಿಲ್ಲೆಯ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಹೋದೆವು. 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದ ಜಲಾಶಯವಿದು. ಮಂಜು ಸರಿಯುತ್ತಲೇ, ಹೊಲಗಳಲ್ಲಿ ಮೇದು ಬಂದ ಪಟ್ಟೆತಲೆ ಹೆಬ್ಬಾತುಗಳು ಸಾಲುಸಾಲಾಗಿ ನೀರಿಗಿಳಿದುವು. ಬೂದುಬಣ್ಣದ ಮೈ; ಬಿಳಿಯ ತಲೆಯ ಹಿಂಬದಿಯಲ್ಲಿ ಎರಡು ಕರಿಯ ಗೀರು. ಸಂಸ್ಕೃತದ ಹಂಸವು ಇದೇ ಎಂಬುದು ಹಲವರ ಮತ. ಮಕ್ಕಳು ದುರ್ಬೀನು ಹಿಡಿದು ಎಣಿಸತೊಡಗಿದರು. ನೂರು ದಾಟಿದ ಮೇಲೆ ಲೆಕ್ಕ ತಪ್ಪಿತು.

ಟಿಬೆಟ್, ಮಂಗೋಲಿಯಾಗಳ ಸರೋವರಗಳ ಬಳಿ ಮರಿಮಾಡಿ, ಹಿಮಾಲಯವನ್ನು ದಾಟಿ ಬರುವ ಹಕ್ಕಿಗಳಿವು. ಮಂಗೋಲಿಯಾದಲ್ಲಿ ಕೊರಳಪಟ್ಟಿ ತೊಡಿಸಿದ ಬಾತುಗಳು ನಮ್ಮ ನಾಡಿನ ಕೆರೆಗಳಲ್ಲಿ ಕಂಡುಬಂದಿವೆ.

ಕವಿಯು ಕಂಡುದನ್ನೇ ಹೇಳಿದ್ದಾನು, ಕಾಣದವರು ನಾವು. ಆ ಹುಡುಗನು ಈಗ ಎಲ್ಲಿರುವನೋ! ಅವನಿಗೆ ನಮ್ಮ ಉತ್ತರವಿದು: ಹೌದಪ್ಪಾ, ಹೋಗುತ್ತವೆ. ಮಳೆಗಾಲವನ್ನು ಕಾಯದೆ ಬೇಸಗೆ ಬರುತ್ತಲೇ ಹೋಗುತ್ತವೆ. ಶರತ್ತು ಮುಗಿಯುವಷ್ಟರಲ್ಲಿ ತಿರುಗಿ ಬರುತ್ತವೆ. ವಾಚಕರು ತಮ್ಮ ಮಕ್ಕಳನ್ನು ಕರೆದೊಯ್ದು ತೋರಿಸಲಿ. ಅವರು ಪ್ರಶ್ನೆ ಕೇಳಿದರೆ ಗದರಿಸದಿರಲಿ.