ಒಪ್ಪಿಗೆ ಯಾರ ಭಾಷೆಯಲ್ಲಿ?

ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ಕಾಲೇಜಿನಲ್ಲಿ ಇಂಗ್ಲಿಷ್ ಆಡುತ್ತಾ ಮುಂಬಯಿಯಲ್ಲಿ ಬೆಳೆದ ನಮ್ಮ ಯುವಮಿತ್ರರೇ, “ಈ ಕನ್ನಡ ಇಟ್ಟುಕೊಂಡು ಇಲ್ಲಿ ನಮಗೆ ಆಗಬೇಕಾದ್ದೇನು?” ಎಂದು ನೀವು ಕೇಳುವುದುಂಟು. ಕಳೆದ ವರ್ಷ ನಮ್ಮ ಮನೆಯಲ್ಲಿ ನಡೆದ ಸಂಗತಿಯೊಂದನ್ನು ಹೇಳುತ್ತೇನೆ. ಉತ್ತರ ನೀವೇ ಹುಡುಕಿಕೊಳ್ಳಿ.

ನನ್ನ ಅಣ್ಣನ ಸೊಸೆ ಗದಗಿನ ಕಡೆಯವಳು. ಎಂಟು ತಿಂಗಳ ಬಸುರಿ. ಹಿಂದಿಯೇ ಅಷ್ಟಕ್ಕಷ್ಟೆ, ಇಂಗ್ಲಿಷಂತೂ ದೂರ. ಆಸ್ಪತ್ರೆಯವರು ಮೊಬೈಲಿಗೆ ಹಾಕಿಕೊಟ್ಟ ಆ್ಯಪ್‌ನಲ್ಲಿ ವಾರಕ್ಕೊಮ್ಮೆ ಇಂಗ್ಲಿಷ್ ಪ್ರಶ್ನೆಗಳು ಬರುತ್ತಿದ್ದವು. ಉತ್ತರಗಳನ್ನು ನೋಡಿ ಕೃತಕ ಬುದ್ಧಿಮತ್ತೆ ಅಪಾಯ ಎಷ್ಟಿದೆಯೆಂದು ಅಳೆಯುತ್ತಿತ್ತು. ಒಪ್ಪಿಗೆಯ ಚೌಕದಲ್ಲಿ ಗುರುತು ಹಾಕಿದವನೂ ಉತ್ತರ ತುಂಬಿದವನೂ ಅವಳ ಗಂಡ, ಅದೂ ಲೋಕಲ್ ಟ್ರೇನಿನಲ್ಲಿ ನಿಂತುಕೊಂಡು! ಪರದೆಯ ಮೇಲೆ ಹಸಿರು ಗುರುತು ಬಂತು: ಎಲ್ಲವೂ ಸರಿ.

ಅದೇ ಸಂಜೆ ಅವಳು ನನ್ನ ಬಳಿ ಬಂದು ಮೆಲ್ಲಗೆ ಹೇಳಿದಳು: “ಅತ್ತೀ, ನಿನ್ನಿಯಿಂದ ತಲಿ ಭಾಳ ನೋಯಾಕತ್ತೈತ್ರಿ. ಕಣ್ಣ ಮುಂದ ಮಬ್ಬು ಬಂದಂಗ ಆಗ್ತೈತಿ.” ತಕ್ಷಣ ಆಸ್ಪತ್ರೆಗೆ ಓಡಿದೆವು. ರಕ್ತದೊತ್ತಡ 160/110. ಇದನ್ನು ಹಾಗೇ ಬಿಟ್ಟಿದ್ದರೆ ಸೆಳವು ಬಂದು ತಾಯಿ, ಮಗು ಇಬ್ಬರ ಜೀವಕ್ಕೂ ಕುತ್ತಾಗಬಹುದಿತ್ತು ಎಂದರು ವೈದ್ಯರು. ದೇವರ ದಯೆ, ಇಂದು ಇಬ್ಬರೂ ಕ್ಷೇಮ.

ತಪ್ಪು ಯಾರದು? ಯಂತ್ರ ಸುಳ್ಳು ಹೇಳಲಿಲ್ಲ. ಅದು ಅವಳನ್ನು ಕೇಳಲೇ ಇಲ್ಲ!

ಕಾನೂನು ಈ ವಿಷಯದಲ್ಲಿ ಕುರುಡಲ್ಲ. ಹೆಂಗಸೊಬ್ಬಳು ಅರಿವಳಿಕೆಯಲ್ಲಿದ್ದಾಗ ಆಕೆಯ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ ತೆಗೆದ ಪ್ರಕರಣದಲ್ಲಿ, ಆ ಒಪ್ಪಿಗೆ ಸಲ್ಲದೆಂದು ಸುಪ್ರೀಂ ಕೋರ್ಟ್ 2008ರಲ್ಲಿ ತೀರ್ಪು ಕೊಟ್ಟಿತು. ಹೆತ್ತ ತಾಯಿಯ ಮಾತೇ ಸಲ್ಲದಿದ್ದರೆ ಗಂಡನ ಬೆರಳು ಒತ್ತಿದ ಗುರುತಿಗೆ ಬೆಲೆಯೆಷ್ಟು? 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯ ಪ್ರಕಾರ, ಒಪ್ಪಿಗೆ ಕೇಳುವ ಪತ್ರವನ್ನು ಇಂಗ್ಲಿಷಿನಲ್ಲೋ ಸಂವಿಧಾನದ ಎಂಟನೆಯ ಅನುಸೂಚಿಯ 22 ಭಾಷೆಗಳಲ್ಲಿ ಯಾವುದರಲ್ಲಾದರೂ ಓದುವ ಅವಕಾಶವಿರಬೇಕು. ಅವುಗಳಲ್ಲಿ ನಮ್ಮ ಕನ್ನಡವೂ ಒಂದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2023ರಲ್ಲಿ ಹೊರಡಿಸಿದ ಮಾರ್ಗಸೂಚಿಯೂ ಕೃತಕ ಬುದ್ಧಿಮತ್ತೆಯ ಮೇಲೆ ಮನುಷ್ಯನ ನಿಗಾ ಇರಬೇಕು, ಹೊಣೆ ಸ್ಪಷ್ಟವಾಗಿರಬೇಕು ಎನ್ನುತ್ತದೆ.

ಯಂತ್ರವೇ ಬೇಡವೆಂದು ನಾನು ಹೇಳುತ್ತಿಲ್ಲ. ನಮ್ಮ ಮುಂಬಯಿಯದೇ ಆದ ‘ಅರ್ಮಾನ್’ ಸಂಸ್ಥೆ ಬಸುರಿ, ಬಾಣಂತಿಯರಿಗೆ ಫೋನಿನಲ್ಲಿ ಆರೋಗ್ಯದ ಮಾತು ಕೇಳಿಸುತ್ತದೆ. ನಡುವೆ ಕೇಳುವುದನ್ನು ಬಿಟ್ಟುಬಿಡುವ ತಾಯಂದಿರು ಯಾರಿರಬಹುದೆಂದು ಕೃತಕ ಬುದ್ಧಿಮತ್ತೆ ಊಹಿಸುತ್ತದೆ. ಅಂಥವರಿಗೆ ಆರೋಗ್ಯ ಕಾರ್ಯಕರ್ತೆಯರೇ ಕರೆ ಮಾಡುತ್ತಾರೆ. ಆ ಲೆಕ್ಕಕ್ಕೆ ಜಾತಿ, ಧರ್ಮಗಳನ್ನು ಸೇರಿಸಿಲ್ಲ. ಯಂತ್ರ ಹೆಸರು ಸೂಚಿಸುತ್ತದೆ, ಮಾತಾಡುವುದು ಮನುಷ್ಯರು. ಅದೇ ಸರಿಯಾದ ಕ್ರಮ.

ನಿಮ್ಮಲ್ಲಿ ಹಲವರು ನಾಳೆ ಇಂಥ ಆ್ಯಪ್‌ಗಳನ್ನು ಬರೆಯುವವರು, ವೈದ್ಯರಾಗುವವರು, ವಕೀಲರಾಗುವವರು. ಆಗ ಈ ಪ್ರಶ್ನೆಗಳು ನಿಮ್ಮ ಮೇಜಿಗೇ ಬರುತ್ತವೆ. ಅದಕ್ಕೂ ಮೊದಲು, ಮನೆಯಲ್ಲಿ ಬಸುರಿ ಅಕ್ಕನೋ ಅತ್ತಿಗೆಯೋ ಇದ್ದರೆ ಅವಳ ಪರವಾಗಿ ನೀವೇ ಗುರುತು ಒತ್ತಿಬಿಡಬೇಡಿ. ಪಕ್ಕದಲ್ಲಿ ಕುಳಿತು ಒಂದೊಂದು ಪ್ರಶ್ನೆಯನ್ನೂ ಕನ್ನಡದಲ್ಲಿ ಕೇಳಿ. ನಿಮ್ಮ ಕನ್ನಡ ತೊದಲಿದರೂ ಚಿಂತೆಯಿಲ್ಲ, ಅವಳಿಗೆ ಅರ್ಥವಾಗುತ್ತದೆ.