ಹತ್ತಿಳಿದ ಗುಡ್ಡವನ್ನು ಸುತ್ತಿ ಬಂದಿದ್ದು

ಬನಹಟ್ಟಿಯ ನಮ್ಮ ಮನೆಗೆ ಯಾರೇ ಬಂದರೂ ಅವ್ವ ಮೊದಲು ನೀರು ಕೊಡುತ್ತಾಳೆ, ಆಮೇಲೆ ಗೋಡೆ ಮೇಲಿನ ಫೋಟೋ ತೋರಿಸುತ್ತಾಳೆ. ಫೋಟೋದಲ್ಲಿ ನಾನು ಕೆಂಪು ಬಂಡೆಯ ನೆತ್ತಿಯ ಮೇಲೆ ಎರಡೂ ಕೈ ಎತ್ತಿ ನಿಂತಿದ್ದೇನೆ. ಹಿಂದೆ ಬರೀ ಆಕಾಶ. "ನಮ್ಮ ಹುಡುಗ ಆಸ್ಟ್ರೇಲಿಯಾದಾಗ ಗುಡ್ಡ ಏರ್ಯಾನ ನೋಡ್ರಿ" ಅನ್ನೋದು ಅವಳ ವಿವರಣೆ. ಮಗ್ಗದ ಕೆಲಸಕ್ಕೆ ಬರುವವರಿಂದ ಹಿಡಿದು ನನಗೆ ಹೆಣ್ಣು ಕೊಡಲು ಬಂದವರವರೆಗೆ ಎಲ್ಲರೂ ಅದನ್ನು ನೋಡಿದ್ದಾರೆ.

ಆ ಗುಡ್ಡದ ಹೆಸರು ಉಲುರು. ಆಸ್ಟ್ರೇಲಿಯಾ ಖಂಡದ ನಟ್ಟನಡುವಿನ ಮರುಭೂಮಿಯಲ್ಲಿ ಒಂಟಿಯಾಗಿ ಎದ್ದಿರುವ ಮರಳುಗಲ್ಲಿನ ಬಂಡೆ. 348 ಮೀಟರ್ ಎತ್ತರ, ಸುತ್ತಳತೆ 9.4 ಕಿಲೋಮೀಟರ್. 1873ರಲ್ಲಿ ವಿಲಿಯಂ ಗಾಸ್ ಎಂಬ ಸರ್ವೇಯರ್ ಇಲ್ಲಿಗೆ ಬಂದು ಆಗಿನ ಒಬ್ಬ ಅಧಿಕಾರಸ್ಥರ ಹೆಸರಿನಲ್ಲಿ 'ಏರ್ಸ್ ರಾಕ್' ಅಂತ ಕರೆದ. ಅವನ ಜೊತೆ ಹತ್ತಿದವನು ಕಮ್ರಾನ್ ಎಂಬ ಅಫ್ಘಾನ್ ಒಂಟೆಯವನು. ಆದರೆ ಹತ್ತಾರು ಸಾವಿರ ವರ್ಷಗಳಿಂದ ಆ ನೆಲದಲ್ಲೇ ಬದುಕಿರುವ ಅನಂಗು ಜನರಿಗೆ ಅದು ಯಾವಾಗಲೂ ಉಲುರು. ಅವರಿಗೆ ಅದು ಪವಿತ್ರ ಜಾಗ.

ನಾನು ಹತ್ತಿದ್ದು 2019ರ ಸೆಪ್ಟೆಂಬರ್‌ನಲ್ಲಿ. ಬಾಗಲಕೋಟೆಯಲ್ಲಿ ಎಂಜಿನಿಯರಿಂಗ್ ಮುಗಿಸಿ, ಬೆಂಗಳೂರಿನಲ್ಲಿ ಎರಡು ವರ್ಷ ಕೋಡ್ ಬರೆದು, ಮೊದಲ ಸಲ ಆನ್‌ಸೈಟ್ ಅಂತ ಸಿಡ್ನಿಗೆ ಹೋಗಿದ್ದೆ. ಅಕ್ಟೋಬರ್ 26ರಿಂದ ಹತ್ತುವುದು ಶಾಶ್ವತವಾಗಿ ಬಂದ್ ಅಂತ ಎರಡು ವರ್ಷ ಮೊದಲೇ ಘೋಷಣೆ ಆಗಿತ್ತು. ಬಂದ್ ಆಗುತ್ತೆ ಅಂದಮೇಲೆ ಕೇಳಬೇಕಾ? ಜನ ಮುಗಿಬಿದ್ದರು. ನಾವು ನಾಲ್ಕು ಜನ ರೂಮ್‌ಮೇಟ್‌ಗಳು ಲಾಂಗ್ ವೀಕೆಂಡ್ ಮಾಡಿಕೊಂಡು ಫ್ಲೈಟ್ ಹತ್ತಿದೆವು.

ಬಂಡೆಯ ಬುಡದಲ್ಲಿ ಬೋರ್ಡ್ ಇತ್ತು. ಇದು ನಮ್ಮ ಮನೆ, ದಯವಿಟ್ಟು ಹತ್ತಬೇಡಿ ಅನ್ನುವ ಅರ್ಥದ್ದು. ಹಲವು ಭಾಷೆಗಳಲ್ಲಿತ್ತು. ಪೂರ್ತಿ ಓದಿದೆ. ಓದಿ, 'ಹತ್ತಬಾರದು ಅಂದರೆ ಗೇಟ್ ಹಾಕಬೇಕಿತ್ತಪ್ಪ, ಬೇಡಿಕೊಳ್ಳೋದು ಯಾಕೆ' ಅಂದುಕೊಂಡು ಕ್ಯೂನಲ್ಲಿ ನಿಂತೆ. ಮುಂದೆ ನೂರಾರು ಜನ, ಕೈಯಲ್ಲಿ ಮಕ್ಕಳನ್ನು ಹಿಡಿದವರೂ ಇದ್ದರು. ಇಷ್ಟು ದುಡ್ಡು ಖರ್ಚು ಮಾಡಿ ಬಂದು ಕೆಳಗೆ ನಿಂತು ನೋಡಿ ಹೋಗೋದಾ ಅನ್ನೋ ಲೆಕ್ಕ ಬೇರೆ. 1964ರಲ್ಲಿ ಮೊದಲು ಹಾಕಿದ ಕಬ್ಬಿಣದ ಚೈನ್ ಹಿಡಿದು ಏರಬೇಕು. ಗೋಡೆಯಂಥ ಏರು. ಮೇಲೆ ಹೋದರೆ ಕಿವಿ ಕಿತ್ತುಹೋಗುವ ಗಾಳಿ. ಶೌಚಾಲಯ ಇಲ್ಲ, ಹಾಗಾಗಿ ಕೆಲವು ತಗ್ಗುಗಳಲ್ಲಿ ವಾಸನೆ ಇತ್ತು. ಮಳೆ ಬಂದಾಗ ಅದೆಲ್ಲ ಕೆಳಗಿನ ನೀರಿನ ಹೊಂಡಗಳಿಗೆ ಹರಿಯುತ್ತದೆ ಅಂತ ಆಮೇಲೆ ಓದಿದೆ. ಆಗ ಓದಿರಲಿಲ್ಲ. ಕೈ ಎತ್ತಿ ಫೋಟೋ ತೆಗೆಸಿಕೊಂಡೆ, ಇಳಿದೆ, ರಾತ್ರಿಯೇ ಮನೆಗೆ ವಾಟ್ಸ್ಯಾಪ್ ಮಾಡಿದೆ. ಅಪ್ಪ ರಬಕವಿಯ ಸ್ಟುಡಿಯೋದಲ್ಲಿ ದೊಡ್ಡದು ಮಾಡಿಸಿ ಕಟ್ಟು ಹಾಕಿಸಿದ.

ಕಳೆದ ಜುಲೈನಲ್ಲಿ ಅಪ್ಪ-ಅವ್ವ ಮೊದಲ ಸಲ ನನ್ನ ಹತ್ತಿರ ಬಂದರು. ಆಪೆರಾ ಹೌಸ್, ಬ್ಲೂ ಮೌಂಟನ್ಸ್ ಎಲ್ಲ ಮುಗಿದ ಮೇಲೆ ಅವ್ವ ಕೇಳಿದಳು: "ಆ ಫೋಟೋದಾಗಿನ ಗುಡ್ಡ ತೋರಸ್ತೀಯೇನು?"

ಸಿಡ್ನಿಯಿಂದ ವಿಮಾನದಲ್ಲಿ ಮೂರೂವರೆ ತಾಸು. ಇಳಿಯೋದು ಯುಲಾರಾ ಎಂಬ ಪ್ರವಾಸಿಗರ ಪಟ್ಟಣದ ಪಕ್ಕ. ಅಲ್ಲಿಂದ ಬಂಡೆ ಇಪ್ಪತ್ತು ಕಿಲೋಮೀಟರ್. ಪಾರ್ಕ್ ಪಾಸ್ ದೊಡ್ಡವರಿಗೆ 38 ಡಾಲರ್, ಮೂರು ದಿನ ನಡೆಯುತ್ತೆ. ಜುಲೈ ಅಂದರೆ ಅಲ್ಲಿ ಚಳಿಗಾಲ, ಬೆಳಗಿನ ಜಾವ ಸೊನ್ನೆಯ ಹತ್ತಿರ. ಮರುಭೂಮಿ ಅಂದರೆ ಬಿಸಿಲು ಅಂತ ತಿಳಿದಿದ್ದ ಅವ್ವ ಸೀರೆ ಮೇಲೆ ಸ್ವೆಟರ್, ಅದರ ಮೇಲೆ ನನ್ನ ಜಾಕೆಟ್, ಅದರ ಮೇಲೆ ಅಪ್ಪನ ಟವೆಲ್ಲು ಸುತ್ತಿಕೊಂಡಳು. ಅಪ್ಪನದು ಬೇರೆಯೇ ತೊಂದರೆ. ಹುಟ್ಟಿದಾಗಿನಿಂದ ಪಾವರ್‌ಲೂಮ್ ಸದ್ದಿನಲ್ಲಿ ಮಲಗಿದ ಮನುಷ್ಯ. ಅಲ್ಲಿನ ನಿಶ್ಶಬ್ದಕ್ಕೆ ರಾತ್ರಿಯಿಡೀ ನಿದ್ದೆ ಬರಲಿಲ್ಲ.

ಒಂದು ತಮಾಷೆ ಹೇಳಲೇಬೇಕು. ಸಾಂಸ್ಕೃತಿಕ ಕೇಂದ್ರದಲ್ಲಿದ್ದ ಹುಡುಗಿ ನಮ್ಮನ್ನು ನೋಡಿ ನಕ್ಕು "ಪಲ್ಯ" ಅಂದಳು. ಅವ್ವ ನನ್ನ ಮುಖ ನೋಡಿದಳು. ಅನಂಗು ಜನರ ಪಿಚಂಚಾಚಾರ ಭಾಷೆಯಲ್ಲಿ 'ಪಲ್ಯ' ಅಂದರೆ ಒಳ್ಳೆಯದು, ಚೆನ್ನಾಗಿದೆ. ನಮಸ್ಕಾರಕ್ಕೂ ಅದೇ, ಹೋಗಿಬರ್ತೀನಿ ಅನ್ನಲಿಕ್ಕೂ ಅದೇ. ನಮ್ಮ ಪಲ್ಯಕ್ಕೂ ಅದಕ್ಕೂ ಏನೂ ಸಂಬಂಧವಿಲ್ಲ, ಕಾಕತಾಳೀಯ. ಆದರೆ ಬ್ಯಾಗಿನಲ್ಲಿ ಕಟಕ ರೊಟ್ಟಿ, ಶೇಂಗಾ ಚಟ್ನಿ ಇಟ್ಟುಕೊಂಡಿದ್ದ ಅವ್ವನಿಗೆ ಇದು ಸಾಕಾಯ್ತು. "ರೊಟ್ಟಿ ನಾ ತಂದೇನಿ, ಪಲ್ಯ ಇವರು ಕೊಡ್ತಾರ" ಅಂದಳು. ಮೂರು ದಿನ ಸಿಕ್ಕ ಸಿಕ್ಕವರಿಗೆಲ್ಲ ಪಲ್ಯ ಪಲ್ಯ ಅಂತಲೇ ಓಡಾಡಿದಳು. ನನ್ನ ಇಂಗ್ಲಿಷ್‌ಗಿಂತ ಅವಳ ಪಲ್ಯಕ್ಕೇ ಹೆಚ್ಚು ನಗು ಸಿಕ್ಕಿತು.

ಈಗ ಹತ್ತುವಂತಿಲ್ಲ, ಸುತ್ತಬಹುದು. ಬಂಡೆಯ ಬುಡದ ಸುತ್ತ 10.6 ಕಿಲೋಮೀಟರ್ ದಾರಿ, ಮೂರೂವರೆ ತಾಸಿನ ನಡಿಗೆ. ಬೇಡ, ಕಾರಲ್ಲೇ ಸುತ್ತೋಣ ಅಂದೆ. ಅವ್ವ ನನ್ನನ್ನು ಕೆಳಗಿನಿಂದ ಮೇಲೆ ನೋಡಿದಳು. ಯುಗಾದಿ ಮುಂದೆ ಕಂಬಿ ಜೊತೆ ಶ್ರೀಶೈಲಕ್ಕೆ ನಡೆದು ಹೋದವಳು ಅವಳು. ನಮ್ಮ ಕಡೆ ಜಮಖಂಡಿ, ಮುಧೋಳ, ರಬಕವಿಯಿಂದ ಸಾವಿರಾರು ಜನ ಮಲ್ಲಯ್ಯನ ದರ್ಶನಕ್ಕೆ ಹಾಗೆ ನಡೆದು ಹೋಗುತ್ತಾರೆ. ಕಾಲು ನೋವಿನ ಮಾತು ಅವಳ ಮುಂದೆ ಆಡಬಾರದು. ಮಾಲ ಪಾರ್ಕಿಂಗಿನಿಂದ ಶುರು ಮಾಡಿ ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ನಡೆಯಿರಿ ಅನ್ನೋದು ಪಾರ್ಕಿನವರ ಸಲಹೆ. ಅಂದರೆ ಬಂಡೆ ನಮ್ಮ ಬಲಕ್ಕೆ. "ಪ್ರದಕ್ಷಿಣಿ ಹೆಂಗ ಹಾಕಬೇಕು ಅಂತ ಇವರಿಗೂ ಗೊತ್ತೈತಿ" ಅಂತ ಅವ್ವನಿಗೆ ಖುಷಿ. ಚಪ್ಪಲಿ ಬಿಟ್ಟು ನಡೆಯುತ್ತೇನೆ ಅಂದಿದ್ದಕ್ಕೆ ಮಾತ್ರ ನಾನೂ ಅಪ್ಪನೂ ಸೇರಿ ಜಗಳ ಮಾಡಿದೆವು.

ಹತ್ತಿರದಿಂದ ಆ ಕಲ್ಲು ಫೋಟೋದಲ್ಲಿ ಕಾಣುವ ಹಾಗೆ ನುಣುಪಾಗಿಲ್ಲ. ಮೀನಿನ ಹೊಪ್ಪಳೆಯ ಹಾಗೆ ಪದರ ಎದ್ದಿದೆ. ಒಳಗಿನ ಬಣ್ಣ ಬೂದು. ಕಲ್ಲಿನೊಳಗಿನ ಕಬ್ಬಿಣ ಗಾಳಿ-ನೀರಿಗೆ ತುಕ್ಕು ಹಿಡಿದು ಹೊರಮೈ ಕೆಂಪಾಗಿದೆ. "ನಮ್ಮ ಬದಾಮಿ ಕಲ್ಲು ಇದ್ದಂಗ ಐತಲ್ಲೋ" ಅಂದ ಅಪ್ಪ. ಎರಡೂ ಮರಳುಗಲ್ಲೇ.

ನಡೆಯುತ್ತಾ ಹೋದಂತೆ ಅಲ್ಲಲ್ಲಿ ಬೋರ್ಡ್: ಇಲ್ಲಿಂದ ಅಲ್ಲಿಯವರೆಗೆ ಫೋಟೋ ತೆಗೆಯಬಾರದು. ಕೆಲವು ಜಾಗ ಹೆಂಗಸರಿಗೆ ಸೇರಿದ್ದು, ಕೆಲವು ಗಂಡಸರಿಗೆ. ಒಬ್ಬರ ಜಾಗದ ಕಥೆ ಇನ್ನೊಬ್ಬರಿಗೆ ಹೇಳುವುದಿಲ್ಲ. ಚಿತ್ರದಲ್ಲೂ ನೋಡಬಾರದು. ಅವರ ನಡೆ-ನುಡಿ, ಕಾನೂನು, ಸೃಷ್ಟಿಯ ಕಥೆ ಎಲ್ಲ ಸೇರಿ ಚುಕುರ್ಪ ಅನ್ನುತ್ತಾರೆ. ನಮ್ಮಂಥವರಿಗೆ ಅದರಲ್ಲಿ ಹೇಳಬಹುದಾದಷ್ಟನ್ನು ಮಾತ್ರ ಹೇಳುತ್ತಾರೆ. ಎಲ್ಲವೂ ಗೂಗಲ್ ಮಾಡಿದರೆ ಸಿಗಬೇಕು ಅನ್ನೋ ನಮ್ಮ ಕಸುಬಿನವರಿಗೆ ಇದು ಸ್ವಲ್ಪ ಕಿರಿಕಿರಿ. ಅವ್ವನಿಗೆ ಏನೂ ಅನ್ನಿಸಲಿಲ್ಲ. ಗರ್ಭಗುಡಿಯೊಳಗೆ ಮೊಬೈಲ್ ತರಬಾರದು ಅಂದರೆ ತರಬಾರದು, ಅಷ್ಟೇ.

ಹಳೆಯ ದಾರಿ ಇದ್ದ ಕಡೆ ಬಂದಾಗ ಅವಳೇ ನಿಂತಳು. ಚೈನ್ ಈಗ ಇಲ್ಲ, ಕಿತ್ತು ತೆಗೆದಿದ್ದಾರೆ. ಆದರೆ ಎಷ್ಟೋ ದಶಕ ಜನ ತುಳಿದು ಕಲ್ಲು ಸವೆದ ಗುರುತು ಕೆಳಗಿನಿಂದ ಮೇಲಿನವರೆಗೆ ಇನ್ನೂ ಕಾಣುತ್ತದೆ.

"ಅದೇನೋ ತಮ್ಮಾ, ಬೆಳ್ಳನ್ನ ಗೆರಿ?"

ಹೇಳಿದೆ. ಮಾಲ ಪೂರ್ವಜರು ಇಲ್ಲಿಗೆ ಬಂದಾಗ ಏರಿದ ದಾರಿ ಅದೇ ಅಂತ ಅನಂಗು ಜನ ನಂಬುತ್ತಾರೆ, ಅದಕ್ಕೇ ಏರಬೇಡಿ ಅಂತಿದ್ದರು. 1950ರ ದಶಕದಿಂದ ಏರಲು ಹೋಗಿ 37 ಜನ ಸತ್ತಿದ್ದಾರೆ. ತಮ್ಮ ನೆಲಕ್ಕೆ ಬಂದವರಿಗೆ ಏನಾದರೂ ಆದರೆ ಹೊಣೆ ತಮ್ಮದು ಅಂತ ಅವರು ದುಃಖ ಪಡುತ್ತಾರೆ ಅಂದೆ.

"ಹಂಗಾರ ನೀ ಏರುವಾಗ ಬೋರ್ಡ್ ಇರಲಿಲ್ಲೇನು?"

"ಇತ್ತು."

"ಓದಿದ್ದಿ?"

"ಓದಿದ್ದೆ."

ಅವಳು ಏನೂ ಅನ್ನಲಿಲ್ಲ. ಬಂಡೆಯ ಕಡೆ ತಿರುಗಿ ಕೈಮುಗಿದಳು, ಕೆನ್ನೆಗೆ ಎರಡು ಸಲ ಬಡಿದುಕೊಂಡಳು. ಹರಕೆ ತಪ್ಪಿದಾಗ ಮಾಡುತ್ತಾಳಲ್ಲ, ಹಾಗೆ. ಆರು ವರ್ಷ ಬಂದವರಿಗೆಲ್ಲ ಆ ಫೋಟೋ ತೋರಿಸಿದ್ದು ಅವಳು. ನನ್ನ ತಪ್ಪಿನಲ್ಲಿ ಅವಳನ್ನೂ ಸೇರಿಸಿಕೊಂಡಿದ್ದೇನೆ ಅಂತ ಅನ್ನಿಸಿದ್ದು ಆಗಲೇ. ಮುಂದಿನ ಒಂದು ಮೈಲಿ ಯಾರೂ ಮಾತಾಡಲಿಲ್ಲ. ಅಪ್ಪ ಸುಮ್ಮನೆ ನೀರಿನ ಬಾಟಲಿ ಕೊಟ್ಟ.

ಮುಟಿಜುಲು ಎಂಬಲ್ಲಿ ಬಂಡೆಯ ಮಡಿಲಲ್ಲಿ ನೀರಿನ ಹೊಂಡ ಇದೆ. ಮರದ ನೆರಳು, ಕುಳಿತುಕೊಳ್ಳಲು ಕಟ್ಟೆ. ಕುನಿಯಾ ಎಂಬ ಹೆಬ್ಬಾವಿನ ಹೆಣ್ಣು ತನ್ನ ಸೋದರಳಿಯನನ್ನು ಕೊಂದ ವಿಷಸರ್ಪದ ಗಂಡಿನ ಜೊತೆ ಕಾದಾಡಿದ ಜಾಗ ಇದು, ಅವಳ ಹೊಡೆತದ ಗಾಯಗಳೇ ಕಲ್ಲಿನ ಮೇಲಿನ ಬಿರುಕುಗಳು. ಇದು ಎಲ್ಲರಿಗೂ ಹೇಳುವ ಕಥೆ. ಅಲ್ಲಿ ರೊಟ್ಟಿ ಬಿಚ್ಚಿ ಕೂತಾಗ ಅಪ್ಪ ಕೇಳಿದ, ಹಾಗಾದರೆ ಈ ಜಾಗ ಈಗ ಸರ್ಕಾರದ್ದೋ ಅವರದ್ದೋ ಅಂತ.

ಅದರದ್ದೊಂದು ಉದ್ದ ಕಥೆ. ಆದಿವಾಸಿಗಳಿಗೆ ಮೀಸಲಿದ್ದ ಪ್ರದೇಶದಿಂದ 1958ರಲ್ಲಿ ಇದನ್ನು ಕತ್ತರಿಸಿ ತೆಗೆದು ಪ್ರವಾಸೋದ್ಯಮಕ್ಕೆ ಅಂತ ರಾಷ್ಟ್ರೀಯ ಉದ್ಯಾನ ಮಾಡಿದರು. ಬುಡಕ್ಕೇ ಮೋಟೆಲ್‌ಗಳು ಬಂದವು. ಅನಂಗು ಜನ ವರ್ಷಗಟ್ಟಲೆ ಹೋರಾಡಿದ ಮೇಲೆ 1985ರ ಅಕ್ಟೋಬರ್ 26ರಂದು ಹಕ್ಕುಪತ್ರ ಅವರ ಕೈಗೆ ಬಂತು. ಬಂದ ದಿನವೇ 99 ವರ್ಷಕ್ಕೆ ಸರ್ಕಾರದ ಉದ್ಯಾನ ಇಲಾಖೆಗೆ ಲೀಜ್ ಕೊಡಬೇಕು ಅನ್ನೋದು ಷರತ್ತು. ಈಗ ಪಾರ್ಕ್ ನಡೆಸುವ ಮಂಡಳಿಯ ಹನ್ನೆರಡು ಜನರಲ್ಲಿ ಎಂಟು ಜನ ಆ ನೆಲದ ಮಾಲೀಕರ ಕಡೆಯವರು. ಏರುವುದನ್ನು ನಿಲ್ಲಿಸಬೇಕು ಅಂತ 2017ರಲ್ಲಿ ಒಮ್ಮತದಿಂದ ತೀರ್ಮಾನಿಸಿದ್ದು ಅದೇ ಮಂಡಳಿ. ಇದು ಡಿಸ್ನಿಲ್ಯಾಂಡ್ ಅಲ್ಲ ಅಂತ ಆಗ ಅಧ್ಯಕ್ಷರಾಗಿದ್ದ ಅನಂಗು ಹಿರಿಯರು ಹೇಳಿದ್ದರು. ಬಂದ್ ಮಾಡಲು ಆರಿಸಿಕೊಂಡ ತಾರೀಕೂ ಅಕ್ಟೋಬರ್ 26.

ಅಪ್ಪ ಮನಸ್ಸಿನಲ್ಲೇ ಲೆಕ್ಕ ಹಾಕಿದ. "ಅಂದ್ರ 2084ಕ್ಕ ಲೀಜ್ ಮುಗೀತೈತಿ."

ಅವ್ವ ಬೇರೆಯದನ್ನೇ ಹಿಡಿದುಕೊಂಡಿದ್ದಳು. "ತಿರುಗಿ ಕೊಟ್ಟರಂತೇನು? ಖರೇನ ತಿರುಗಿ ಕೊಟ್ಟರು?"

ಅವಳ ತವರು ಬೀಳಗಿ ತಾಲ್ಲೂಕಿನ ಒಂದು ಸಣ್ಣ ಹಳ್ಳಿ. ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಿತು. ನಮ್ಮ ಜಿಲ್ಲೆಯವರಿಗೆ 'ಮುಳುಗಡೆ' ಅಂದರೆ ಸಾಕು, ಬೇರೆ ವಿವರಣೆ ಬೇಕಿಲ್ಲ. ಹಳೆ ಬಾಗಲಕೋಟೆಯ ಎಷ್ಟೋ ಭಾಗ, ಕೃಷ್ಣಾ-ಘಟಪ್ರಭಾ ದಂಡೆಯ ಎಷ್ಟೋ ಹಳ್ಳಿ. ಪುನರ್ವಸತಿ ಕೇಂದ್ರದಲ್ಲಿ ಸೈಟು ಸಿಕ್ಕಿತು, ಪರಿಹಾರ ಬಂತು, ಹೊಸ ಹನುಮಪ್ಪನ ಗುಡಿಯೂ ಆಯ್ತು. ಹಳೆ ಗುಡಿ ನೀರಿನೊಳಗೆ. ಊರು ಬಿಡುವ ದಿನ ಅಜ್ಜಿ ಗುಡಿ ಮುಂದಿನ ಮಣ್ಣನ್ನು ಸೆರಗಿನಲ್ಲಿ ಗಂಟು ಕಟ್ಟಿಕೊಂಡು ಬಂದಿದ್ದಳಂತೆ. ಕೆಲವು ಬೇಸಿಗೆಯಲ್ಲಿ ನೀರು ಇಳಿದಾಗ ಗುಡಿ ತಲೆ ಎತ್ತುತ್ತದೆ, ಆಗ ಮಾಮಂದಿರು ಕೆಸರಿನಲ್ಲಿ ನಡೆದು ಹೋಗಿ ಕಾಯಿ ಒಡೆದು ಬರುತ್ತಾರೆ. ನಾನು ಸಣ್ಣವನಿದ್ದಾಗ ಒಂದು ಸಲ ಹೋಗಿದ್ದೆ. ಅಲ್ಲಿಗೂ ಬೈಕ್ ಮೇಲೆ ಹುಡುಗರು ಫೋಟೋ ತೆಗೆಯಲು ಬಂದಿದ್ದರು. ಒಬ್ಬ ಗುಡಿಯ ಮಾಳಿಗೆ ಹತ್ತಿ ನಿಂತಿದ್ದ. ಮಾಮ ಅವನಿಗೆ ಬೈದ ಬೈಗುಳ ಇಲ್ಲಿ ಬರೆಯುವ ಹಾಗಿಲ್ಲ.

ಎರಡೂ ಒಂದೇ ಅಂತ ನಾನು ಹೇಳುತ್ತಿಲ್ಲ. ಆ ಅಣೆಕಟ್ಟಿನ ನೀರಿನಿಂದಲೇ ಎಷ್ಟೋ ಹೊಲ ಹಸಿರಾಗಿವೆ. ಅವ್ವನೂ ಅದನ್ನು ಒಪ್ಪುತ್ತಾಳೆ. ಆದರೆ ನೀರಿನ ಹೊಂಡದ ಮುಂದೆ ಕೂತು ಅವಳು "ತಿರುಗಿ ಕೊಟ್ಟರು" ಅನ್ನುವುದನ್ನು ಮತ್ತೆ ಮತ್ತೆ ಹೇಳುತ್ತಿದ್ದಾಗ, ನಾನು ಆರು ವರ್ಷದ ಹಿಂದೆ ಗುಡಿಯ ಮಾಳಿಗೆ ಹತ್ತಿದ ಆ ಬೈಕ್ ಹುಡುಗನೇ ಆಗಿದ್ದೆ ಅನ್ನೋದು ಹೊಳೆಯದೇ ಇರಲಿಲ್ಲ.

ಹೊರಡುವಾಗ ನೋಡುತ್ತೇನೆ, ಅವ್ವನ ಸೆರಗಿನ ತುದಿಯಲ್ಲಿ ಗಂಟು. ಒಂದು ಹಿಡಿ ಕೆಂಪು ಮಣ್ಣು, ಎರಡು ಹರಳು. ದೇವರ ಜಗಲಿ ಮೇಲೆ ಇಡಲಿಕ್ಕೆ. ಇಲ್ಲಿಂದ ಕಲ್ಲು, ಮಣ್ಣು ಒಯ್ಯಬಾರದು ಅಂತ ಮೆಲ್ಲಗೆ ಹೇಳಿದೆ. ಹೀಗೆ ಒಯ್ದವರು ಆಮೇಲೆ ಮನಸ್ಸು ತಡೆಯದೆ, ಕ್ಷಮಿಸಿ ಅಂತ ಪತ್ರ ಬರೆದು ಕಲ್ಲನ್ನು ಪೋಸ್ಟಿನಲ್ಲಿ ವಾಪಸ್ ಕಳಿಸುತ್ತಾರೆ. ಜಗತ್ತಿನ ಮೂಲೆ ಮೂಲೆಯಿಂದ ಬರುತ್ತವೆ. ಅವುಗಳಿಗೆ 'ಸಾರಿ ರಾಕ್ಸ್' ಅಂತಲೇ ಹೆಸರು. ಅವ್ವ ಗಂಟು ಬಿಚ್ಚಿ, ತೆಗೆದುಕೊಂಡ ಜಾಗಕ್ಕೇ ಹೋಗಿ ಸುರಿದು ಬಂದಳು. ಸೆರಗಿಗೆ ಹತ್ತಿದ ಕೆಂಪು ಮಾತ್ರ ಹೋಗಲಿಲ್ಲ.

ಸಂಜೆ ಸೂರ್ಯಾಸ್ತ ನೋಡುವ ಜಾಗದಲ್ಲಿ ಕಾರುಗಳ ಜಾತ್ರೆ. ಅದನ್ನು ಎಲ್ಲರೂ ಬರೆದಿದ್ದಾರೆ, ನಾನು ಬರೆಯುವುದಿಲ್ಲ. ಅಪ್ಪ ಮಾತ್ರ ನೇಕಾರನ ಕಣ್ಣಿನಿಂದ ನೋಡಿ ಒಂದೊಂದೇ ಬಣ್ಣಕ್ಕೆ ಹೆಸರು ಹೇಳುತ್ತಾ ಹೋದ: ಕುಂಕುಮ, ದಾಳಿಂಬೆ, ಇಟ್ಟಂಗಿ, ಆಮೇಲೆ ಬದನಿಕಾಯಿ. ಈ ನೂಲು ಬಣ್ಣ ಹಾಕಿದವನಿಗೆ ಕೂಲಿ ಕೊಡೋದು ಕಷ್ಟ ಅಂದ.

ನೀವು ಹೋಗುವುದಿದ್ದರೆ ಮೇ-ಆಗಸ್ಟ್ ನಡುವೆ ಹೋಗಿ. ಬೇಸಿಗೆಯಲ್ಲಿ ಬಿಸಿಲೂ ಜೋರು, ನೊಣವೂ ಜೋರು. ಸಾಂಸ್ಕೃತಿಕ ಕೇಂದ್ರವನ್ನು ಕೊನೆಗೆ ಅಂತ ಇಡಬೇಡಿ, ಮೊದಲೇ ನೋಡಿ. ರೇಂಜರ್ ಜೊತೆಗಿನ ಮಾಲ ನಡಿಗೆಗೆ ದುಡ್ಡಿಲ್ಲ. ಪಕ್ಕದ ಕಾಟಾ ಜೂಟಾ ಗುಡ್ಡಗಳಿಗೂ ಒಂದು ದಿನ ಇಡಿ. ಆ ಹೆಸರಿನ ಅರ್ಥ 'ಬಹಳ ತಲೆಗಳು'. ಹೋಟೆಲ್ ಊಟ ತುಟ್ಟಿ, ಆದ್ದರಿಂದ ರೊಟ್ಟಿ ಇರಲಿ.

ಅಪ್ಪ-ಅವ್ವ ಊರಿಗೆ ಹೋಗಿ ಎರಡು ವಾರವಾದ ಮೇಲೆ ವಿಡಿಯೋ ಕಾಲ್ ಮಾಡಿದ್ದೆ. ಹಿಂದಿನ ಗೋಡೆಯಲ್ಲಿ ಫೋಟೋ ಇರಲಿಲ್ಲ. ಎಲ್ಲಿ ಅಂತ ಕೇಳಿದೆ.

"ಟ್ರಂಕಿನಾಗ ಇಟ್ಟೇನಿ. ಮಂದಿ ಕೇಳ್ತಾರ, ಏನಂತ ಹೇಳೂದು?" ಅಂದಳು. ಆ ಮೊಳೆಗೆ ಈಗ ಪಂಚಾಂಗದ ಕ್ಯಾಲೆಂಡರ್ ತೂಗುತ್ತಿದೆ.